ವೈರಿಯ ಕತ್ತೆ

ಚನ್ನಗಿರಿ ತಾಲ್ಲೂಕಿನ ಸೋದರಿಯೊಬ್ಬರು 2024ರ ಫೆಬ್ರವರಿಯಲ್ಲಿ ಬರೆದ ಕಾಗದವೊಂದು ಬಹುಕಾಲದಿಂದ ನನ್ನ ಮೇಜಿನ ಸೆಳೆಖಾನೆಯಲ್ಲಿ ಉಳಿದಿತ್ತು. ಆಗಲೇ ಖಾಸಗಿಯಾಗಿ ಉತ್ತರ ಬರೆದಿದ್ದೆನಾದರೂ, ಈ ಪುಟದಲ್ಲಿ ಅದರ ಪ್ರಸ್ತಾಪ ಮಾಡಲು ಅವರ ಅನುಮತಿ ದೊರೆತಿರಲಿಲ್ಲ. ಈಗ ದೊರೆತಿದೆ. ಹೆಸರನ್ನೂ ಹಳ್ಳಿಯನ್ನೂ ಮರೆಸಿ ಬರೆಯಬೇಕೆಂಬುದೊಂದೇ ಅವರ ಷರತ್ತು.

ಅವರ ತವರು ಜಗಳೂರು ಸೀಮೆ. ಮಳೆಯನ್ನೇ ನಂಬಿದ ಹೊಲ, ಮೆಕ್ಕೆಜೋಳ, ಶೇಂಗಾ, ಹಟ್ಟಿಯಲ್ಲಿ ನಾಲ್ಕು ದನ. ಇವುಗಳನ್ನು ನೋಡಿಕೊಂಡಿರುವ ಅಣ್ಣ, ಎಂಬತ್ತು ದಾಟಿದ ತಾಯಿ. ಕೊಟ್ಟ ಮನೆ ಚನ್ನಗಿರಿ ಸೀಮೆ. ಭದ್ರಾ ನಾಲೆಯ ನೀರು, ಅಡಿಕೆ ತೋಟ, ಊಟಕ್ಕೆ ಸಾಕಾಗುವಷ್ಟು ಗದ್ದೆ. ತಂಗಿಯನ್ನು ಹೊನ್ನಾಳಿಗೆ ಕೊಟ್ಟಿದೆ. ಚಿಕ್ಕಮ್ಮನ ಸಂಸಾರ ನ್ಯಾಮತಿಯಲ್ಲಿದೆ. ಹಬ್ಬ ಹುಣ್ಣಿಮೆಗಳಲ್ಲಿ ನಾಲ್ಕೂ ಕಡೆಯವರು ಕೂಡುತ್ತಿದ್ದ ತುಂಬಿದ ಬಳಗವದು. 2023ರ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ ಬಂದಿತು. ಅಣ್ಣ ಒಂದು ಪಕ್ಷ, ಯಜಮಾನರು ಇನ್ನೊಂದು. ಹೊನ್ನಾಳಿಯ ತಂಗಿಯ ಮನೆಯ ಗೃಹಪ್ರವೇಶದ ದಿನ, ಎಲೆಯ ಮುಂದೆ ಕುಳಿತಿರುವಾಗಲೇ, ಮಾತಿಗೆ ಮಾತು ಬೆಳೆಯಿತು. ಅಂದಿನ ರಾತ್ರಿ ಅಣ್ಣನು ಬಂಧುಗಳೆಲ್ಲರೂ ಇರುವ ವಾಟ್ಸಾಪ್ ಬಳಗದಲ್ಲಿ, ತನ್ನ ಭಾವ ಅಭ್ಯರ್ಥಿಯಿಂದ ಹಣ ಪಡೆದು ಕೇರಿಯ ಮತಗಳನ್ನು ಮಾರಿಸಿದನೆಂದು ಬರೆದುಬಿಟ್ಟನು. ಅದು ಶುದ್ಧ ಸುಳ್ಳೆಂದು ಸೋದರಿ ಹೇಳುತ್ತಾರೆ. ನೂರಾರು ಜನ ಓದಿದರು, ಕೆಲವರು ನಕ್ಕರು, ಒಬ್ಬರೂ ಬೇಡವೆನ್ನಲಿಲ್ಲ.

ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾರೆ. ಮಗಳನ್ನೂ ಅಳಿಯನನ್ನೂ ಒಟ್ಟಿಗೆ ನೋಡಬೇಕೆಂದು ಹೇಳಿ ಕಳುಹಿಸುತ್ತಾರೆ. ಯಜಮಾನರು, ಅಣ್ಣನು ಕ್ಷಮೆ ಕೇಳದ ಹೊರತು ಆ ಹೊಸಿಲು ತುಳಿಯುವುದಿಲ್ಲವೆನ್ನುತ್ತಾರೆ. ಕಾಗದದ ಕೊನೆಯಲ್ಲಿ ಸೋದರಿ ಕೇಳಿದ ಪ್ರಶ್ನೆ ಇದು: “ನಾವು ಕ್ರೈಸ್ತರಲ್ಲ. ಆದರೂ ಬೈಬಲ್ಲಿನಲ್ಲಿ ನ್ಯಾಯ ಮತ್ತು ದಯೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದೆಯೆಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ನ್ಯಾಯ ನೋಡಿದರೆ ಅಣ್ಣ ತಪ್ಪೊಪ್ಪಬೇಕು. ದಯೆ ನೋಡಿದರೆ ನಾವು ಮರೆಯಬೇಕು. ಎರಡರಲ್ಲಿ ಮೊದಲು ಯಾವುದು?”

ಪ್ರಶ್ನೆ ಸಣ್ಣದಲ್ಲ. ಈ ಹೊತ್ತು ನಮ್ಮ ಎಷ್ಟೋ ಮನೆಗಳಲ್ಲಿ, ಕೇಳಲಾರದೆ ನುಂಗಿಕೊಂಡಿರುವ ಪ್ರಶ್ನೆಯೂ ಅದೇ.

ಉತ್ತರಕ್ಕೆ ಮೊದಲು ಆ ಸೀಮೆಯ ವಿಚಾರ ಎರಡು ಮಾತು. ಈ ನಾಲ್ಕು ಊರುಗಳು ಒಂದೇ ಜಿಲ್ಲೆಯ ಮಕ್ಕಳಾದುದು ಇತ್ತೀಚೆಗೆ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿಗಳನ್ನು ಶಿವಮೊಗ್ಗದಿಂದಲೂ ಜಗಳೂರನ್ನು ಚಿತ್ರದುರ್ಗದಿಂದಲೂ ತಂದು ಕೂಡಿಸಿದರು. ನ್ಯಾಮತಿ ಆಗ ಹೊನ್ನಾಳಿಯ ಮಡಿಲಲ್ಲಿತ್ತು. 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಮಲೆನಾಡಿನ ಸೆರಗು ಒಂದು ಕಡೆ, ಬಯಲುಸೀಮೆಯ ಬಿಸಿಲು ಇನ್ನೊಂದು ಕಡೆ. ಹೆಣ್ಣು ಕೊಡುವುದು ತರುವುದು ಮೊದಲಿನಿಂದಲೂ ಇದ್ದಿತೆನ್ನಿ. ಆದರೆ ನೀರಿನ ಲೆಕ್ಕ ಒಂದೇ ಕಚೇರಿಯ ಮೇಜಿನ ಮೇಲೆ ಬಂದುದು ಆಮೇಲೆ.

ಜಗಳೂರಿನ ಹೆಸರಿನಲ್ಲಿಯೇ ಜಗಳವಿದೆಯೆಂದು ಹಾಸ್ಯ ಮಾಡುವವರುಂಟು. ಇತಿಹಾಸ ಆ ಹಾಸ್ಯವನ್ನು ಒಪ್ಪುವುದಿಲ್ಲ. ಜಗಳೂರಿನವರಾದ ಜೆ. ಮಹಮದ್ ಇಮಾಮ್ ಅವರನ್ನು ಚಿತ್ರದುರ್ಗ ಕ್ಷೇತ್ರದ ಮತದಾರರು 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದಲೂ, 1967ರಲ್ಲಿ ಸ್ವತಂತ್ರ ಪಕ್ಷದಿಂದಲೂ ಲೋಕಸಭೆಗೆ ಆರಿಸಿ ಕಳುಹಿಸಿದರು. ಎರಡು ಸಲವೂ ಆಳುವ ಪಕ್ಷದ ಎದುರಿಗೆ ನಿಂತು ಗೆದ್ದವರು ಅವರು. ಮತ ಕೊಟ್ಟವರಲ್ಲಿ ಬಹುಪಾಲು ಜನ ಅವರ ಮತಧರ್ಮದವರಲ್ಲ. ಅಂದಿನ ಜನ ದೇವತೆಗಳಾಗಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಪಕ್ಷ ಬೇರೆ, ಬಳಗ ಬೇರೆ ಎಂಬ ಎಣಿಕೆ ಅವರಿಗಿತ್ತು.

2023ರಲ್ಲಿ ಚುನಾವಣೆಯ ಬೆನ್ನಿಗೇ ಮಳೆ ಕೈಕೊಟ್ಟಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಬೇಕಾಯಿತು. 186 ಅಡಿ ಎತ್ತರಕ್ಕೆ ನೀರು ನಿಲ್ಲಬೇಕಾದ ಭದ್ರಾ ಜಲಾಶಯ ತುಂಬಲಿಲ್ಲ. ನಾಲೆಯ ಕೆಳಭಾಗದ ಭತ್ತದ ರೈತರು, ಪೈರು ಕೈಗೆ ಬರುವತನಕ ನೂರು ದಿನ ಎಡೆಬಿಡದೆ ನೀರು ಬಿಡಬೇಕೆಂದರು. ಮೇಲುಭಾಗದ ಅಡಿಕೆ ತೋಟದವರು, ಈಗಲೇ ಎಲ್ಲವನ್ನೂ ಹರಿಸಿದರೆ ಬೇಸಗೆಯಲ್ಲಿ ಮರ ಉಳಿಯುವುದು ಹೇಗೆಂದರು. ಭತ್ತ ಒಂದು ವರ್ಷ ಹೋದರೆ ಮರುವರ್ಷ ಬಿತ್ತಬಹುದು. ಅಡಿಕೆ ಮರ ಒಣಗಿದರೆ ಮತ್ತೆ ಫಸಲು ಕಾಣಲು ವರ್ಷಗಟ್ಟಲೆ ಕಾಯಬೇಕು. ಆದರೆ ಭತ್ತದವನಿಗೆ ಆ ಒಂದು ವರ್ಷದ ಸಾಲವನ್ನು ತೀರಿಸುವವರು ಯಾರು? ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಆದುದರಿಂದಲೇ ಜಗಳ ಕಹಿಯಾಯಿತು. ಒಬ್ಬನ ಕಡೆ ಮಾತ್ರ ನ್ಯಾಯವಿರುವ ಜಗಳಗಳು ಬಹುಬೇಗ ತೀರುತ್ತವೆ.

ಇತ್ತ ಜಗಳೂರಿನವರಿಗೆ ನೂರು ದಿನವೂ ಇಲ್ಲ, ಹತ್ತು ದಿನವೂ ಇಲ್ಲ. ಹರಿಹರದ ಬಳಿಯ ದೀಟೂರಿನಲ್ಲಿ ತುಂಗಭದ್ರೆಯ ನೀರನ್ನೆತ್ತಿ ಆ ಸೀಮೆಯ 57 ಕೆರೆಗಳಿಗೆ ತುಂಬಿಸುವ ಯೋಜನೆಯೊಂದು, ಭದ್ರಾ ಮೇಲ್ದಂಡೆ ಯೋಜನೆ ಇನ್ನೊಂದು. ಇವೆರಡರ ಕಡೆ ಕಣ್ಣು ನೆಟ್ಟು ಕುಳಿತವರು ಅವರು. ಸೋದರಿಯ ಕಾಗದದಲ್ಲಿ ಇದೂ ಬಂದಿತ್ತು. “ನಿಮ್ಮ ತೋಟಕ್ಕೆ ಹರಿಯುವುದು ನಮ್ಮ ಕೆರೆಯ ಪಾಲು” ಎಂದು ಅಣ್ಣ ಅಂದಿದ್ದನಂತೆ. “ನಮ್ಮ ಅಣೆಕಟ್ಟೆಗೆ ಕನ್ನ ಹಾಕಲು ಬಂದವರು ನೀವು” ಎಂದು ಭಾವ ಅಂದಿದ್ದರಂತೆ. ಪಕ್ಷದ ಹೆಸರಿನಲ್ಲಿ ಆರಂಭವಾದ ಜಗಳದ ಬೇರು ಹೀಗೆ ನೆಲದೊಳಗೆ ನೀರಿನವರೆಗೂ ಹೋಗಿತ್ತು.

ಈಗ ಗ್ರಂಥದ ವಿಚಾರ. ನಾನು ಪಾದ್ರಿಯಲ್ಲ, ಮಿಷನ್ ಶಾಲೆಯಲ್ಲಿ ಓದಿದವನು, ಅಷ್ಟೆ. ಅಲ್ಲಿ ಗಾಜಿನ ಬೀರುವಿನಲ್ಲಿದ್ದ ಕಪ್ಪು ರಟ್ಟಿನ ಸತ್ಯವೇದವನ್ನು ಮೊದಲು ಕಥೆಗಳಿಗಾಗಿ ಓದಿದೆ, ಆಮೇಲೆ ಅಭ್ಯಾಸಬಲದಿಂದ ಓದಿದೆ. ಜಗಳೂರಿನ ಗಡಿ ದಾಟಿದರೆ ಕೂಡ್ಲಿಗಿ, ಅದರಾಚೆ ಬಳ್ಳಾರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲಸಿ, ಈ ಗ್ರಂಥವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದುದು ಆ ಬಳ್ಳಾರಿಯಲ್ಲಿಯೇ. ಆದುದರಿಂದ ಇದು ನಮ್ಮ ನೆಲಕ್ಕೆ ತೀರ ಹೊರಗಿನ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ.

ನ್ಯಾಯ ಮಾಡು, ದಯೆಯನ್ನು ಪ್ರೀತಿಸು, ನಮ್ರನಾಗಿ ನಡೆ ಎಂಬ ಅರ್ಥದ ಉಪದೇಶ ಮೀಕನೆಂಬ ಪ್ರವಾದಿಯದು. ಚರ್ಚುಗಳ ಗೋಡೆಯ ಮೇಲೆ ಅಂದವಾಗಿ ಬರೆಸುವ ಮಾತಾದುದರಿಂದ ಅದನ್ನು ಹೇಳಿದವನು ಸಾಧುಪ್ರಾಣಿಯಿದ್ದಿರಬೇಕೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಅವನು ಹಳ್ಳಿಯವನು. ಬಡವರ ಹೊಲಮನೆಗಳನ್ನು ಕಬಳಿಸುವವರ ಮೇಲೂ, ಲಂಚ ತಿಂದು ತೀರ್ಪು ಹೇಳುವವರ ಮೇಲೂ ಅವನು ಕಾರಿದ ಕೋಪ ಓದಿದರೆ ಮೈ ಬಿಸಿಯಾಗುತ್ತದೆ. ದಯೆಯ ಮಾತು ಬಂದುದು ಆ ಬಾಯಿಂದಲೇ. ಆದರೆ ಸೋದರಿಯ ಪ್ರಶ್ನೆಗೆ ಮೀಕನು ನೇರವಾಗಿ ಉತ್ತರ ಕೊಡುವುದಿಲ್ಲ. ಎರಡನ್ನೂ ಹೇಳಿ ಮುಂದೆ ಹೋಗುತ್ತಾನೆ. ಉತ್ತರವಿರುವುದು ಅವನಿಗಿಂತ ಹಳೆಯ ಕಟ್ಟಳೆಗಳಲ್ಲಿ, ಮೋಶೆಯ ಹೆಸರಿನಲ್ಲಿ ಬಂದಿರುವ ವಿಮೋಚನಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ.

ಆ ಅಧ್ಯಾಯದ ಮೊದಲ ಒಂಬತ್ತು ವಚನಗಳು ಬಹುತೇಕ ನ್ಯಾಯಸ್ಥಾನದ ನಿಯಮಗಳು. ಸುಳ್ಳು ಸುದ್ದಿಯನ್ನು ಹಬ್ಬಿಸಬಾರದು. ಕೆಟ್ಟವನೊಡನೆ ಕೈಗೂಡಿಸಿ ಸಾಕ್ಷಿ ನುಡಿಯಬಾರದು. ಬಹುಜನ ಒಂದು ಕಡೆ ನಡೆದರೆಂದು ನ್ಯಾಯ ಬಿಟ್ಟು ಅವರ ಹಿಂದೆ ಹೋಗಬಾರದು. ಬಡವನೆಂಬ ಕಾರಣದಿಂದಲೂ ವ್ಯಾಜ್ಯದಲ್ಲಿ ಪಕ್ಷಪಾತ ಮಾಡಬಾರದು. ಇಷ್ಟು ಹೇಳಿ, ಇದ್ದಕ್ಕಿದ್ದಂತೆ ನ್ಯಾಯಸ್ಥಾನದಿಂದ ಎದ್ದು ಹೊಲದ ದಾರಿಗೆ ಬರುತ್ತಾನೆ ಶಾಸ್ತ್ರಕಾರ. ನಿನ್ನ ವೈರಿಯ ಎತ್ತು ತಪ್ಪಿಸಿಕೊಂಡು ಅಲೆಯುವುದು ಕಂಡರೆ ಅದನ್ನು ಅವನ ಮನೆಗೆ ಮುಟ್ಟಿಸಬೇಕು. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಕುಸಿದು ಬಿದ್ದಿದ್ದರೆ, ನೋಡಿಯೂ ನೋಡದವನಂತೆ ಹೋಗಕೂಡದು. ಅವನೊಡನೆ ಕೈಹಾಕಿ ಅದನ್ನು ಎಬ್ಬಿಸಬೇಕು. ಅಲ್ಲಿಂದ ಮತ್ತೆ ಹಿಂದಕ್ಕೆ, ನ್ಯಾಯಸ್ಥಾನಕ್ಕೆ: ಬಡವನ ನ್ಯಾಯವನ್ನು ಕೆಡಿಸಬಾರದು, ಲಂಚ ಮುಟ್ಟಬಾರದು, ಪರದೇಶಿಯನ್ನು ಪೀಡಿಸಬಾರದು.

ಆ ಕತ್ತೆ ಅಲ್ಲಿಗೆ ಹೇಗೆ ಬಂದಿತು? ಬಾಲ್ಯದಲ್ಲಿ ಓದಿದಾಗ, ಬರೆಯುವಾಗ ಪುಟ ಅದಲುಬದಲಾಗಿರಬೇಕೆಂದುಕೊಂಡಿದ್ದೆ. ವಯಸ್ಸಾದ ಮೇಲೆ, ಅದು ಇರಬೇಕಾದ ಕಡೆಯಲ್ಲಿಯೇ ಇದೆಯೆಂದು ತೋರುತ್ತದೆ. ಕಟಕಟೆಯಲ್ಲಿ ನಿನ್ನ ಎದುರಿಗೆ ನಿಂತವನೇ ದಾರಿಯಲ್ಲಿ ಕತ್ತೆಯ ಪಕ್ಕದಲ್ಲಿ ನಿಂತಿದ್ದಾನೆ. ವ್ಯಾಜ್ಯ ತೀರಿದ ಮೇಲೆ ಎಬ್ಬಿಸು ಎಂದು ಶಾಸ್ತ್ರ ಹೇಳುವುದಿಲ್ಲ. ಅಷ್ಟರಲ್ಲಿ ಕತ್ತೆ ಸತ್ತಿರುತ್ತದೆ. ಎಬ್ಬಿಸಿದ ಮೇಲೆ ವ್ಯಾಜ್ಯವನ್ನು ಬಿಟ್ಟುಬಿಡು ಎಂದೂ ಹೇಳುವುದಿಲ್ಲ. ಅವನು ವೈರಿಯಾಗಿದ್ದಾನೆ, ದ್ವೇಷಿಸುತ್ತಲೂ ಇದ್ದಾನೆ. ಅದನ್ನು ಶಾಸ್ತ್ರ ಮುಚ್ಚಿಡುವುದಿಲ್ಲ. ಮನಸ್ಸು ಕರಗಬೇಕೆಂಬ ನಿಯಮವೂ ಇಲ್ಲ. ಕೈ ಹಾಕಬೇಕು, ಅಷ್ಟೆ.

ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದು ಎಷ್ಟು ಕಠಿಣವೆಂದು ಬೇರೆ ಹೇಳಬೇಕಾಗಿಲ್ಲ. ಪೈರಿಗೆ ನುಗ್ಗಿದ ತುಡುಗು ದನಗಳನ್ನು ಕೂಡಿಹಾಕಲು ಊರೂರಿಗೆ ದೊಡ್ಡಿಗಳಿದ್ದುವು. ದೊಡ್ಡಿಗೆ ಹೊಡೆದರೆ ದನದೊಡೆಯ ದಂಡ ತೆತ್ತು ಬಿಡಿಸಿಕೊಳ್ಳಬೇಕು. ಬ್ರಿಟಿಷರ ಕಾಲದ 1871ರ ಶಾಸನದಲ್ಲಿಯೂ, ನಮ್ಮ ರಾಜ್ಯದ 1966ರ ಶಾಸನದಲ್ಲಿಯೂ ಇದರ ಕಟ್ಟುಕಟ್ಟಳೆಗಳಿವೆ. ಕಾನೂನು ಪೈರು ಕಾಯುವುದಕ್ಕೆ; ಆದರೆ ಊರಿನಲ್ಲಿ ಎರಡು ಪಾರ್ಟಿಯಾದ ವರ್ಷ ದೊಡ್ಡಿ ತುಂಬುತ್ತಿತ್ತೆಂದು ಹಿರಿಯರು ನಗುತ್ತ ಹೇಳುವುದನ್ನು ಕೇಳಿದ್ದೇನೆ. ಬೇರೆಯವನ ದನ ಹೊಲದ ಬದುವಿನಲ್ಲಿ ಕಂಡರೆ ‘ಹೋ’ ಎಂದು ಓಡಿಸುವುದು. ಎದುರು ಪಾರ್ಟಿಯವನ ದನವಾದರೆ ನೆಟ್ಟಗೆ ದೊಡ್ಡಿಗೆ. ಅದು ಕಾನೂನಿಗೆ ವಿರುದ್ಧವೇನೂ ಅಲ್ಲ. ಒಬ್ಬನ ದನಕ್ಕೆ ಕಾನೂನು, ಇನ್ನೊಬ್ಬನ ದನಕ್ಕೆ ದಾಕ್ಷಿಣ್ಯ ಎಂದಾದಾಗ ಕಾನೂನೇ ಅನ್ಯಾಯದ ಕೋಲಾಗುತ್ತದೆ. ಚೀಲದಲ್ಲಿ ಹೆಚ್ಚಿನದೊಂದು ಕಡಮೆಯದೊಂದು ಹೀಗೆ ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಅದೇ ಮೋಶೆಯ ಧರ್ಮಶಾಸ್ತ್ರ ಇನ್ನೊಂದು ಕಡೆ ಹೇಳುವುದು ಇದನ್ನೇ. ಸಂತೆಯ ವ್ಯಾಪಾರಿಗೆ ಹೇಳಿದ ಮಾತು ಅದು. ನಮ್ಮ ರಾಜಕೀಯಕ್ಕೆ ಅದಕ್ಕಿಂತ ಹತ್ತಿರದ ಮಾತು ಇನ್ನೊಂದಿಲ್ಲ.

ಒಂದು ಉದಾಹರಣೆ. ಭದ್ರಾ ಮೇಲ್ದಂಡೆ ಯೋಜನೆಯ ಒಟ್ಟು ನೀರು 29.9 ಟಿ.ಎಂ.ಸಿ. ಇದರಲ್ಲಿ 17.4ನ್ನು ತುಂಗೆಯಿಂದ ಭದ್ರೆಗೆ ಎತ್ತಿ ಹಾಕಬೇಕು, ಉಳಿದ 12.5 ಭದ್ರೆಯದೇ. ಕಾಲುವೆಯ ಕಡೆಯ ಭಾಷಣಕಾರ 29.9ನ್ನು ಹೇಳಿ 17.4ನ್ನು ಮರೆಯುತ್ತಾನೆ. ಬಯಲುಸೀಮೆಯ ಭಾಷಣಕಾರ 17.4ನ್ನು ಹೇಳಿ 12.5ನ್ನು ಮರೆಯುತ್ತಾನೆ. ಇಬ್ಬರೂ ಸುಳ್ಳು ಹೇಳಿದವರಲ್ಲ. ಇಬ್ಬರ ಚೀಲದಲ್ಲಿಯೂ ಎರಡೆರಡು ಕಲ್ಲುಗಳಿವೆ, ಅಷ್ಟೆ. ಕೇಂದ್ರ ಸರ್ಕಾರ 2023ರ ಬಡ್ಜೆಟ್ಟಿನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿಯ ನೆರವು ಸಾರಿದ ಮೇಲೆ, ಯಾರು ಕೊಟ್ಟರು, ಯಾರು ತಡೆದರು ಎಂಬ ವಾದದಲ್ಲಿ ಆ ಕಲ್ಲುಗಳ ಸಂಖ್ಯೆ ಇನ್ನೂ ಹೆಚ್ಚಿತು. ಜಗಳೂರು ಬಡ ತಾಲ್ಲೂಕು; ಅದನ್ನು ಕಂಡು ಮರುಗದವರಿಲ್ಲ. ಆದರೆ ಬಡತನವನ್ನು ತಕ್ಕಡಿಗೆ ಹಾಕಬೇಡವೆಂದು ಶಾಸ್ತ್ರ ಹೇಳುತ್ತದೆ. ಹಾಗೆಯೇ ಬಡವನೆಂದು ಅವನ ಪಾಲನ್ನು ಕಡಮೆ ತೂಗಬೇಡವೆಂದೂ ಎರಡೇ ವಚನಗಳ ಅಂತರದಲ್ಲಿ ಹೇಳುತ್ತದೆ. ತೂಗುವಾಗ ತೂಗು. ಮರುಕವಿದ್ದರೆ ತೂಗಿ ಮುಗಿದ ಮೇಲೆ ನಿನ್ನ ಪಾಲಿನಿಂದ ಕೊಡು.

ಇಸಾಕನ ಆಳುಗಳು ಬಾವಿ ತೋಡಿದಾಗಲೆಲ್ಲ ಗೆರಾರಿನ ಕುರುಬರು ನೀರು ತಮ್ಮದೆಂದು ಜಗಳ ತೆಗೆಯುತ್ತಿದ್ದರೆಂದೂ, ಅವನು ಎರಡು ಬಾವಿಗಳನ್ನು ಬಿಟ್ಟುಕೊಟ್ಟು ಮೂರನೆಯದನ್ನು ತೋಡಿ ನೆಮ್ಮದಿಯಾಗಿದ್ದನೆಂದೂ ಆದಿಕಾಂಡದಲ್ಲಿದೆ. ಉಪದೇಶಕರಿಗೆ ಬಹಳ ಪ್ರಿಯವಾದ ಕಥೆ. ನನಗೆ ಅದರಿಂದ ಅಷ್ಟು ಸಮಾಧಾನವಿಲ್ಲ. ಮೂರನೆಯ ಬಾವಿಗೆ ಇಸಾಕನಿಗೆ ಜಾಗವಿತ್ತು. ನಮಗೆ ಇರುವುದು ಒಂದೇ ಭದ್ರೆ. ಅದಕ್ಕಿಂತ ಚನ್ನಗಿರಿಯ ಸೂಳೆಕೆರೆಯ ಕಥೆ ನನಗೆ ಹತ್ತಿರವೆನಿಸುತ್ತದೆ. ಶಾಂತವ್ವ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಆ ತಗ್ಗಿನಲ್ಲಿ ವೇಶ್ಯೆಯರ ಕೇರಿಯಿತ್ತಂತೆ. ನೆಲ ಬಿಟ್ಟುಕೊಡಲು ಅವರು ಒಂದು ಕರಾರು ಹಾಕಿದರಂತೆ: ಕೆರೆಗೆ ತಮ್ಮ ಹೆಸರಿರಬೇಕು. ಅವಳು ಒಪ್ಪಿದಳು. ಶಾಂತಿಸಾಗರವೆಂಬ ಸಭ್ಯವಾದ ಹೆಸರು ಇದ್ದರೂ ಜನ ಇಂದಿಗೂ ಆಡುವುದು ಆ ಹಳೆಯ ಹೆಸರನ್ನೇ. ಚಿತ್ರದುರ್ಗದವರ ನಲ್ಲಿಗೂ ಅಲ್ಲಿಂದ ನೀರು ಹೋಗುತ್ತದೆ. ಕಥೆ ನಿಜವೋ ಕಟ್ಟಿದ್ದೋ, ನೆಲ ಕಳೆದುಕೊಂಡವರ ಲೆಕ್ಕ ಆ ಹೆಸರಿನಲ್ಲಿ ಉಳಿದಿದೆ.

ಅದು ಹಾಗಿರಲಿ. ಕತ್ತೆಗೆ ಮರಳೋಣ. ಮೋಶೆಯ ಐದನೆಯ ಗ್ರಂಥವಾದ ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಇದೇ ನಿಯಮ ಇನ್ನೊಮ್ಮೆ ಬರುತ್ತದೆ. ಅದೇ ತಪ್ಪಿಸಿಕೊಂಡ ಎತ್ತು, ಅದೇ ದಾರಿಯಲ್ಲಿ ಬಿದ್ದ ಕತ್ತೆ, ಅದೇ ಕೈಹಾಕಿ ಎಬ್ಬಿಸಬೇಕೆಂಬ ವಿಧಿ. ಒಂದು ಪದ ಮಾತ್ರ ಬದಲಾಗಿದೆ. ಅಲ್ಲಿ ವೈರಿ ಎಂದಿದ್ದ ಕಡೆ ಇಲ್ಲಿ ಸಹೋದರ ಎಂದಿದೆ. ಪಂಡಿತರು ಇದಕ್ಕೆ ಏನೇನು ಕಾರಣ ಕೊಡುವರೋ, ಕೊಡಲಿ. ಚನ್ನಗಿರಿಯ ಸೋದರಿಗೆ ಉತ್ತರ ಬರೆಯುವಾಗ ನಾನು ಎರಡು ಪುಟಗಳನ್ನೂ ಗುರುತು ಹಾಕಿ ತೆರೆದಿಟ್ಟುಕೊಂಡಿದ್ದೆ. ಅವರ ಮನೆಯಲ್ಲಿ ಆ ಎರಡು ಪದಗಳೂ ಒಬ್ಬನ ಮೇಲೆಯೇ ಕುಳಿತಿದ್ದುವು.

ಒಂದು ರಾಷ್ಟ್ರವೇ ಹೀಗೆ ಇಬ್ಭಾಗವಾದ ಕಥೆಯೂ ಆ ಗ್ರಂಥದಲ್ಲಿದೆ. ಸೊಲೊಮೋನನ ಮಗ ರೆಹಬ್ಬಾಮನ ಬಳಿಗೆ ಪ್ರಜೆಗಳು ಬಂದು, ತಂದೆ ಹೊರಿಸಿದ ಭಾರವನ್ನು ಸ್ವಲ್ಪ ಇಳಿಸೆಂದು ಬೇಡಿದರು. ಹಿರಿಯರು ಇಳಿಸು ಎಂದರು. ಜೊತೆಯ ಹುಡುಗರು ಹೆಚ್ಚಿಸು ಎಂದರು. ಅವನು ಹುಡುಗರ ಮಾತು ಕೇಳಿದನು. ರಾಜ್ಯ ಒಡೆದು ಉತ್ತರದಲ್ಲಿ ಇಸ್ರಾಯೇಲ್, ದಕ್ಷಿಣದಲ್ಲಿ ಯೆಹೂದವೆಂದಾಯಿತು. ಒಂದೇ ಭಾಷೆ, ಒಂದೇ ದೇವರು, ಒಂದೇ ಅಜ್ಜನ ಮಕ್ಕಳು, ಎರಡು ಸಿಂಹಾಸನ.

ಆ ಎರಡರ ನಡುವೆ ನಡೆದ ಒಂದು ಯುದ್ಧದ ಪ್ರಸಂಗವನ್ನು ಬಹುಜನ ಓದಿರುವುದಿಲ್ಲ. ಪೂರ್ವಕಾಲವೃತ್ತಾಂತದ ಎರಡನೆಯ ಭಾಗದಲ್ಲಿ, ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ಅದು ಅಡಗಿದೆ. ಪೆಕಹನೆಂಬವನು ಉತ್ತರದಲ್ಲಿಯೂ ಆಹಾಜನೆಂಬವನು ದಕ್ಷಿಣದಲ್ಲಿಯೂ ಆಳುತ್ತಿದ್ದಾಗ ಉತ್ತರದ ಸೈನ್ಯ ಗೆದ್ದಿತು. ಒಂದೇ ದಿನದಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ಜನ ಬಿದ್ದರೆಂದೂ, ಹೆಂಗಸರು ಮಕ್ಕಳು ಸೇರಿ ಎರಡು ಲಕ್ಷ ಜನರನ್ನು ಸೆರೆಹಿಡಿದು ಸಮಾರ್ಯಕ್ಕೆ ನಡೆಸಿದರೆಂದೂ ಗ್ರಂಥ ಹೇಳುತ್ತದೆ. ಪುರಾಣಗಳ ಸಂಖ್ಯೆಗಳನ್ನು ನಾವು ಹೇಗೆ ಓದುತ್ತೇವೆಯೋ ಹಾಗೆಯೇ ಇವನ್ನೂ ಓದಬಹುದು. ಬವಣೆಯ ಪ್ರಮಾಣ ತಿಳಿದರೆ ಸಾಕು. ಸೈನ್ಯ ಜಯಘೋಷ ಮಾಡುತ್ತ ಪಟ್ಟಣದ ಹತ್ತಿರ ಬಂದಾಗ ಓದೇದನೆಂಬ ಒಬ್ಬ ಪ್ರವಾದಿ ಎದುರಿಗೆ ಬಂದು ನಿಂತನು. ಯೆಹೂದದವರು ನಿರಪರಾಧಿಗಳೆಂದು ಅವನು ಹೇಳಲಿಲ್ಲ. ಅವರಿಗೆ ಅವರ ತಪ್ಪಿನ ಫಲ ದೊರೆತಿದೆಯೆಂದೇ ಹೇಳಿದನು. ಆದರೆ ನೀವು ಕೊಂದ ಕ್ರೌರ್ಯ ಆಕಾಶ ಮುಟ್ಟಿದೆ. ಈಗ ಅಣ್ಣತಮ್ಮಂದಿರನ್ನೇ ತೊತ್ತುಗಳನ್ನಾಗಿ ಮಾಡಿಕೊಳ್ಳಹೊರಟಿದ್ದೀರಿ. ನಿಮ್ಮ ಲೆಕ್ಕದಲ್ಲಿ ಅಪರಾಧವೇ ಇಲ್ಲವೋ ಎಂದು ಕೇಳಿದನು.

ಗೆದ್ದ ಸೈನ್ಯಕ್ಕೆ ಹೀಗೆ ಹೇಳಿದವನನ್ನು ಅಂದೇ ತುಳಿದುಹಾಕಬಹುದಾಗಿತ್ತು. ಹಾಗಾಗಲಿಲ್ಲ. ಉತ್ತರದವರದೇ ಮುಖಂಡರು ನಾಲ್ವರು ಎದ್ದು ಪ್ರವಾದಿಯ ಪಕ್ಕದಲ್ಲಿ ನಿಂತು, ಸೆರೆಯಾಳುಗಳನ್ನು ಊರೊಳಕ್ಕೆ ತರಕೂಡದೆಂದು ತಡೆದರು. ನಾಲ್ವರ ಹೆಸರನ್ನೂ ತಂದೆಯ ಹೆಸರಿನೊಡನೆ ಗ್ರಂಥ ಬರೆದಿಟ್ಟಿದೆ. ತಮ್ಮ ಪಕ್ಷ ಸೋತಿರುವಾಗ ದಯೆಯ ಮಾತಾಡುವುದು ಸುಲಭ. ಗೆದ್ದ ಪಕ್ಷದೊಳಗಿದ್ದು, ಗೆದ್ದ ದಿನವೇ ಎದ್ದು ನಿಂತವರ ಹೆಸರು ಬರೆದಿಡತಕ್ಕದ್ದೇ. ಸೈನಿಕರು ಸೆರೆಯವರನ್ನೂ ಕೊಳ್ಳೆಯನ್ನೂ ಅಲ್ಲಿಯೇ ಬಿಟ್ಟರು. ಆ ಮುಖಂಡರು ಕೊಳ್ಳೆಯ ಬಟ್ಟೆಗಳನ್ನೇ ತೆಗೆದು ಬೆತ್ತಲೆಯಾಗಿದ್ದವರಿಗೆ ಉಡಿಸಿದರು. ಕಾಲಿಗೆ ಕೆರ ತೊಡಿಸಿದರು. ಉಣ್ಣಲು ಕುಡಿಯಲು ಕೊಟ್ಟರು. ಮೈಗೆ ಎಣ್ಣೆ ಹಚ್ಚಿದರು. ನಡೆಯಲಾರದವರನ್ನು ಕತ್ತೆಗಳ ಮೇಲೆ ಕೂರಿಸಿ ಖರ್ಜೂರ ಮರಗಳ ಊರಾದ ಯೆರಿಕೋವಿನವರೆಗೆ ನಡೆದು, ಅವರ ಜನರಿಗೆ ಒಪ್ಪಿಸಿ ಹಿಂದಿರುಗಿದರು.

ಯೇಸು ಹೇಳಿದ ಸಮಾರ್ಯದವನ ಕಥೆಯನ್ನು ಬಲ್ಲವರಿಗೆ ಆ ಎಣ್ಣೆ, ಆ ಸವಾರಿಯ ಪಶು, ಆ ಯೆರಿಕೋವಿನ ದಾರಿ ಎಲ್ಲವೂ ಹೊಳೆಯದಿರುವುದಿಲ್ಲ. ನೂರಾರು ವರ್ಷಗಳ ಹಿಂದಿನ ಈ ಪ್ರಸಂಗ ಅವನ ಕೇಳುಗರ ನೆನಪಿನಲ್ಲಿತ್ತೆಂದು ಊಹಿಸುವುದು ತಪ್ಪಾಗಲಾರದು. ನನಗೆ ಮುಖ್ಯವಾಗಿ ಕಂಡುದು ಇನ್ನೊಂದು. ಸೆರೆಯವರು ಮನೆಗೆ ಹೋದರೆಂದು ಎರಡು ರಾಜ್ಯಗಳು ಒಂದಾಗಲಿಲ್ಲ. ಪೆಕಹನು ಪೆಕಹನಾಗಿಯೇ ಉಳಿದನು, ಆಹಾಜನು ಆಹಾಜನಾಗಿಯೇ ಉಳಿದನು. ರಾಜಕೀಯದ ಬಿರುಕು ಬಿರುಕಾಗಿಯೇ ಇತ್ತು. ಎರಡು ಲಕ್ಷ ಜನ ಮಾತ್ರ ತೊತ್ತುಗಳಾಗಲಿಲ್ಲ.

ಸೋದರಿಗೆ ನಾನು ಬರೆದ ಉತ್ತರ ಇಷ್ಟು. ನ್ಯಾಯ ಮೊದಲೋ ದಯೆ ಮೊದಲೋ ಎಂಬ ಸರದಿಯನ್ನೇ ಬಿಡಿ. ಒಂದನ್ನು ಇನ್ನೊಂದಕ್ಕೆ ಬೆಲೆಯಾಗಿ ಕಟ್ಟಬೇಡಿ. ಬಳಗದಲ್ಲಿ ಹಬ್ಬಿಸಿದ ಸುಳ್ಳನ್ನು ಅಣ್ಣನು ಅದೇ ಬಳಗದಲ್ಲಿ ಹಿಂತೆಗೆದುಕೊಳ್ಳಬೇಕು. ನಿಮ್ಮ ಯಜಮಾನರು ಅದನ್ನು ಕೇಳುವುದನ್ನು ಬಿಡಬಾರದು, ನೀವೂ ಬಿಡಿಸಬಾರದು. “ಹೋಗಲಿ ಬಿಡಿ, ಮನೆಯವನೇ ತಾನೆ” ಎಂಬ ಹಿರಿಯರ ಮಾತಿನಿಂದ ಹೆಣ್ಣುಮಕ್ಕಳು ನುಂಗಿದ ಅನ್ಯಾಯಗಳಿಗೆ ಲೆಕ್ಕವಿಲ್ಲ. ಅದನ್ನು ದಯೆಯೆಂದು ಕರೆಯಲು ನಾನು ಸಿದ್ಧನಿಲ್ಲ. ಆದರೆ ತಾಯಿಯನ್ನು ನೋಡುವುದಕ್ಕೆ ಆ ಕ್ಷಮಾಪಣೆಗಾಗಿ ಕಾಯಬೇಡಿ. ಇನ್ನೊಂದು ಮಾತು: ಈ ಬೇಸಗೆ ಜಗಳೂರಿನ ಕಡೆ ದನಗಳಿಗೆ ಮೇವಿಲ್ಲವೆಂದು ಕೇಳಿದ್ದೇನೆ. ನಿಮ್ಮ ಗದ್ದೆಯ ಹುಲ್ಲು ಏನಾಯಿತು?

ಕೊನೆಯ ಸಾಲನ್ನು ಬರೆದು, ಹೆಚ್ಚಾಯಿತೇನೋ ಎಂದು ಅಂಚೆಗೆ ಹಾಕುವಾಗ ಅಳುಕಿದ್ದೆ. ಪರರ ಬಣವೆಯ ಮೇಲೆ ಕುಳಿತು ಧರ್ಮ ಹೇಳುವುದು ಸುಲಭ.

ಎರಡನೆಯ ಕಾಗದ ಬಂದುದು ಆ ವರ್ಷದ ಮೇ ತಿಂಗಳ ಕೊನೆಯಲ್ಲಿ, ಲೋಕಸಭಾ ಚುನಾವಣೆಯ ಮತದಾನವೂ ಮುಗಿದ ಮೇಲೆ. ಈ ಸಲವೂ ಎರಡು ಮನೆಗಳು ಎರಡು ಕಡೆಗೇ ಮತ ಹಾಕಿದುವು. ಏಪ್ರಿಲಿನಲ್ಲಿ ಒಂದು ದಿನ ಯಜಮಾನರು 'ಮಾತಾಡುವುದಿಲ್ಲ, ಇಳಿಸಿ ಬರುತ್ತೇನೆ' ಎಂದು ಹೇಳಿ ಟ್ರಾಕ್ಟರಿನಲ್ಲಿ ಭತ್ತದ ಹುಲ್ಲು ಹೇರಿಕೊಂಡು, ಇವರನ್ನೂ ಕೂರಿಸಿಕೊಂಡು ಹೊರಟರಂತೆ. ಹಟ್ಟಿಯ ಮುಂದೆ ನಿಲ್ಲಿಸಿದಾಗ ಅಣ್ಣ ಹೊರಗೆ ಬಂದು ಹುಲ್ಲನ್ನು ನೋಡಿದನು, ಭಾವನನ್ನು ನೋಡಿದನು, ಬನ್ನಿ ಎನ್ನಲಿಲ್ಲ. ಬಣವೆ ಒಟ್ಟುವುದು ಒಬ್ಬರ ಕೆಲಸವಲ್ಲ. ಕೆಳಗಿನಿಂದ ಒಬ್ಬ ಹೊರೆ ಎಸೆಯಬೇಕು, ಮೇಲೆ ನಿಂತು ಇನ್ನೊಬ್ಬ ಹಿಡಿದು ಸುತ್ತು ಹಾಕಬೇಕು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಅಣ್ಣ ಏಣಿ ತಂದು ಮೇಲೆ ಹತ್ತಿದನಂತೆ. ಎರಡು ಗಂಟೆಯ ಕಾಲ ಒಬ್ಬರು ಎಸೆದರು, ಒಬ್ಬರು ಹಿಡಿದರು. “ಇತ್ತ”, “ಸಾಕು”, “ತಡೆ” ಎಂಬ ಮೂರು ಮಾತುಗಳ ಹೊರತು ಬೇರೆ ಮಾತಾಗಲಿಲ್ಲ. ಒಳಗೆ ತಾಯಿ ಹಾಸಿಗೆಯಲ್ಲಿಯೇ ಆ ಸದ್ದು ಕೇಳುತ್ತ ಮಲಗಿದ್ದರು.

ವಾಟ್ಸಾಪಿನ ಮಾತನ್ನು ಅಣ್ಣ ಇನ್ನೂ ಹಿಂತೆಗೆದುಕೊಂಡಿಲ್ಲವೆಂದೂ, ಯಜಮಾನರು ಕೇಳುವುದನ್ನು ಬಿಟ್ಟಿಲ್ಲವೆಂದೂ ಸೋದರಿ ಬರೆದಿದ್ದರು. ಹಿಂದಿರುಗುವಾಗ ಟ್ರಾಕ್ಟರಿನ ಹಿಂದಿನ ಗಾಡಿಯಲ್ಲಿ ಅರ್ಧ ಚೀಲ ಶೇಂಗಾ ಇತ್ತಂತೆ. ಇಟ್ಟವರು ಯಾರೆಂದು ಯಾರೂ ಕೇಳಲಿಲ್ಲ.